ಎತ್ತಿನ ಹಲ್ಲು, ಕಾರಿನ ಕಿಲೋಮೀಟರು

ಎತ್ತು ಕೊಳ್ಳಲು ಹೋಗುವಾಗ ನಮ್ಮಪ್ಪ ನನ್ನನ್ನು ಜೊತೆಗೆ ಕರೆದೊಯ್ಯುತ್ತಿದ್ದ. ರಾಯಬಾಗ ತಾಲ್ಲೂಕಿನ ಚಿಂಚಲಿಯಲ್ಲಿ ಭಾರತ ಹುಣ್ಣಿಮೆಗೆ ಮಾಯಕ್ಕದೇವಿಯ ಜಾತ್ರೆ. ಮಹಾರಾಷ್ಟ್ರದ ಕಡೆಯಿಂದಲೂ ಚಕ್ಕಡಿ ಕಟ್ಟಿಕೊಂಡು ಬರುವ ಮಂದಿ, ಭಂಡಾರದಿಂದ ಹಳದಿಯಾದ ದಾರಿ, ಅದರಾಚೆ ದನಗಳ ಪೇಟೆ. ಅಪ್ಪ ಎತ್ತಿನ ಕೋಡಿಗೆ ಬಳಿದ ಬಣ್ಣ ನೋಡುತ್ತಿರಲಿಲ್ಲ, ಕೊರಳ ಗೆಜ್ಜೆಯನ್ನೂ ನೋಡುತ್ತಿರಲಿಲ್ಲ. ನೇರವಾಗಿ ಹೋಗಿ ಅದರ ಬಾಯಿ ಬಿಡಿಸಿ ಹಲ್ಲು ಎಣಿಸುತ್ತಿದ್ದ. ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಕೊನೆಗೆ ಎಂಟೂ ಬಂದರೆ ಬಾಯಿಗೂಡಿತು. ಬಾಯಿಗೂಡುವ ತನಕ ಎತ್ತಿನ ಬೆಲೆ ಏರುತ್ತದೆ, ಆಮೇಲೆ ಇಳಿಯುತ್ತದೆ. "ಮನಷ್ಯಾ ಸುಳ್ಳ ಹೇಳತಾನ, ಹಲ್ಲ ಹೇಳೂದಿಲ್ಲ" ಎಂಬುದು ಅವನ ಸಿದ್ಧಾಂತ.

ಈ ಹಳೆಯ ಮಾತು ನೆನಪಾದದ್ದು 2024ರ ದೀಪಾವಳಿಯ ಹೊತ್ತಿಗೆ, ಒಂದು ಸ್ಪೋರ್ಟ್ಸ್ ಕಾರಿನ ಎದುರು ನಿಂತಾಗ.

ಕಾರು ಬೇಕಾಗಿದ್ದದ್ದು ನನಗಲ್ಲ. ಸಹಕಾರಿ ಸಂಘವೊಂದರಲ್ಲಿ ಮೂವತ್ತು ವರ್ಷ ಲೆಕ್ಕ ಬರೆದು ನಿವೃತ್ತನಾದವನಿಗೆ ಅದೆಲ್ಲಿಯ ಸ್ಪೋರ್ಟ್ಸ್ ಕಾರು? ಬೇಕಾಗಿದ್ದದ್ದು ನನ್ನ ತಮ್ಮನ ಮಗನಿಗೆ. ಪುಣೆಯ ಕಂಪನಿಯಲ್ಲಿ ಕೆಲಸ. 2020ರ ನಂತರ ಚಿಕ್ಕೋಡಿಯಲ್ಲೇ ಒಂದು ಕೋಣೆ ಹಿಡಿದು ಕಂಪ್ಯೂಟರಿನ ಮುಂದೆ ಕುಳಿತು ದುಡಿಯುತ್ತಾನೆ. ಎಂಟು ವರ್ಷ ಹೊಟ್ಟೆ ಬಟ್ಟೆ ಕಟ್ಟಿ ಹದಿನಾರು ಲಕ್ಷ ಕೂಡಿಸಿದ್ದ. ಸಾಂಗಲಿಯ ಕಡೆ ಹಳೆ ಗಾಡಿ ಮಾರುವವರೊಬ್ಬರ ಬಳಿ ಎರಡೇ ಸೀಟಿನ, ತಲೆಯ ಮೇಲಿನ ಹೊದಿಕೆ ತಾನಾಗಿ ಮಡಚಿಕೊಳ್ಳುವ ವಿದೇಶಿ ಕಾರೊಂದು ಬಂದಿದೆ ಎಂದು ಸುದ್ದಿ ತಂದ. 2016ರ ಗಾಡಿ. ಹೊಸದಿದ್ದಾಗ 60 ಲಕ್ಷ. ಈಗ ಹೇಳುವ ಬೆಲೆ 15 ಲಕ್ಷ.

"ಕಾಕಾ, ನೀವು ಲೆಕ್ಕದ ಮಂದಿ. ಒಂದ ಸಲ ಬಂದ ನೋಡ್ರಿ. ಮುಕ್ಕಾಲಪಾಲ ಬೆಲೆ ಆ ಮೊದಲಿನ ಮಾಲಕನ ತಿಂದ ಬಿಟ್ಟಾನ. ನಮಗ ಉಳದದ್ದೆಲ್ಲಾ ಲಾಭ" ಎಂದ.

ಅವನ ಮಾತಿನಲ್ಲಿ ತಿರುಳಿತ್ತು. ನಮ್ಮ ಲೆಕ್ಕದ ಭಾಷೆಯಲ್ಲಿ ಇದಕ್ಕೆ ಸವಕಳಿ ಎಂದು ಹೆಸರು. ಹೊಸ ಗಾಡಿಯ ಸವಕಳಿ ಮೊದಲ ವರ್ಷಗಳಲ್ಲೇ ಜೋರು. ವಿಮೆಯವರು ಗಾಡಿಯ ಬೆಲೆ ಕಟ್ಟಲು ಬಳಸುವ ಕೋಷ್ಟಕವನ್ನೇ ನೋಡಿ. ಆರು ತಿಂಗಳ ಒಳಗೆ ಶೇಕಡಾ 5, ಒಂದು ವರ್ಷದೊಳಗೆ 15, ಎರಡನೆಯ ವರ್ಷ 20, ಮೂರನೆಯ ವರ್ಷ 30, ನಾಲ್ಕನೆಯ ವರ್ಷ 40, ಐದನೆಯ ವರ್ಷ 50. ಐದು ದಾಟಿದ ಮೇಲೆ ಕೋಷ್ಟಕವಿಲ್ಲ, ವಿಮೆ ಕಂಪನಿ ಮತ್ತು ಮಾಲೀಕ ಮಾತಾಡಿ ಒಪ್ಪಿಕೊಂಡದ್ದೇ ಬೆಲೆ. ಇದು ಎಲ್ಲ ಕಾರುಗಳಿಗೂ ಅನ್ವಯಿಸುವ ಮಾತು. ಎರಡು ಸೀಟಿನ ಕಾರು ಪೇಟೆಯಲ್ಲಿ ಇದಕ್ಕಿಂತ ಬೇಗ ಇಳಿಯುತ್ತದೆ, ಕೊಳ್ಳುವವರು ಕಡಿಮೆ. ಹೆಂಡತಿ, ಇಬ್ಬರು ಮಕ್ಕಳು, ಒಬ್ಬಳು ಅವ್ವ ಇರುವ ಮನೆಗೆ ಎರಡು ಸೀಟು ಎಲ್ಲಿ ಸಾಲುತ್ತದೆ?

ಹಾಗಾಗಿ ಹಳೆಯದನ್ನು ಕೊಳ್ಳುವವನು ಜಾಣ ಎಂಬುದು ನಿಜ. ಆದರೆ ಆ ಜಾಣತನ ಅರ್ಧ ಮಾತ್ರ. ನಾನು ಅವನಿಗೆ ಕೇಳಿದ್ದು ಒಂದೇ ಪ್ರಶ್ನೆ: "ಗಾಡಿ ಬೆಲಿ ಇಳದೈತಿ, ಹೌದು. ಅದರ ಬಿಡಿಭಾಗದ ಬೆಲಿ ಇಳದೈತೇನ?"

ಅವನು ಸುಮ್ಮನಾದ. ನಾಲ್ಕು ಟೈರು ಬದಲಿಸಿದರೆ ಲಕ್ಷ ದಾಟುತ್ತದೆ ಎಂದು ಹಿಂದಿನ ದಿನ ಅವನೇ ಹೇಳಿದ್ದ. 60 ಲಕ್ಷದ ಕಾರನ್ನು 15 ಲಕ್ಷಕ್ಕೆ ಕೊಂಡವನು 15 ಲಕ್ಷದ ಕಾರಿನ ಮಾಲೀಕನಾಗುವುದಿಲ್ಲ. ಅವನು 60 ಲಕ್ಷದ ಕಾರಿನ ಮಾಲೀಕನೇ. ಬ್ರೇಕು, ಕ್ಲಚ್ಚು, ಗೇರುಪೆಟ್ಟಿಗೆ, ಮೇಲಿನ ಹೊದಿಕೆ ಎತ್ತಿ ಇಳಿಸುವ ಮೋಟಾರು, ಇವು ಯಾವುವೂ ತಮ್ಮ ಗಾಡಿಗೆ ವಯಸ್ಸಾಯಿತೆಂದು ಅಗ್ಗವಾಗುವುದಿಲ್ಲ. ಬೆಲೆ ಸವೆಯುತ್ತದೆ, ಖರ್ಚು ಸವೆಯುವುದಿಲ್ಲ. ವಿಮೆಯ ಲೆಕ್ಕದಲ್ಲೂ ಹಾಗೆಯೇ. ಅಪಘಾತವಾಗಿ ಭಾಗ ಬದಲಿಸಿದರೆ ರಬ್ಬರು, ಪ್ಲಾಸ್ಟಿಕ್ಕು, ಬ್ಯಾಟರಿಗಳಿಗೆ ಅರ್ಧ ಹಣವನ್ನು ಮಾಲೀಕನೇ ಕೊಡಬೇಕು. ಫೈಬರ್ ಗ್ಲಾಸಿಗೆ ಶೇಕಡಾ 30 ಕಡಿತ. ಲೋಹದ ಭಾಗಗಳಿಗೆ ಗಾಡಿ ಐದರಿಂದ ಹತ್ತು ವರ್ಷದ್ದಾದರೆ ಶೇಕಡಾ 40 ಕಡಿತ, ಹತ್ತು ದಾಟಿದರೆ 50. ಗಾಜಿಗೆ ಮಾತ್ರ ಕಡಿತವಿಲ್ಲ. ಸವಕಳಿ ಕಡಿತವಿಲ್ಲದ ವಿಮೆ ಎಂಬುದೊಂದಿದೆಯಲ್ಲ, ಅದನ್ನು ಸಾಮಾನ್ಯವಾಗಿ ಹೊಸ ಗಾಡಿಗಳಿಗೇ ಕೊಡುತ್ತಾರೆ.

ಇನ್ನು ಪಾಸಿಂಗು. ನಮ್ಮ ಕಡೆ ಗಡಿ ಎಂಬುದು ನಕ್ಷೆಯ ಮೇಲಿನ ಗೆರೆ. ನಿಪ್ಪಾಣಿಯವನು ಕೊಲ್ಹಾಪುರದ ಪೇಟೆಗೆ ಹೋಗುತ್ತಾನೆ, ಕಾಗವಾಡದವನು ಮಿರಜದ ದವಾಖಾನೆಗೆ, ಅಥಣಿಯವನು ಸಾಂಗಲಿಗೆ. ರಸ್ತೆಯ ಮೇಲೆ ಕೆಎ-23, ಎಂಎಚ್-09, ಎಂಎಚ್-10 ಅಣ್ಣತಮ್ಮರ ಹಾಗೆ ಓಡಾಡುತ್ತವೆ. ಆದರೆ ಗಾಡಿ ಕೊಂಡ ಮರುದಿನ ಆ ಗೆರೆ ಗೋಡೆಯಾಗಿ ನಿಲ್ಲುತ್ತದೆ. ಬೇರೆ ರಾಜ್ಯದ ಗಾಡಿ ಇಲ್ಲಿ 12 ತಿಂಗಳು ಮೀರಿ ಉಳಿದರೆ ಹೊಸ ನಂಬರು ಹಾಕಿಸಬೇಕು ಎನ್ನುತ್ತದೆ 1988ರ ಮೋಟಾರು ವಾಹನ ಕಾಯ್ದೆ. ಅದಕ್ಕೆ ಅಲ್ಲಿಯ ಕಚೇರಿಯಿಂದ ನಿರಾಕ್ಷೇಪಣಾ ಪತ್ರ ಬೇಕು, ಅದು 28ನೆಯ ನಮೂನೆ. ಮಾಲೀಕತ್ವ ಬದಲಿಸಲು 29 ಮತ್ತು 30. ಸಾಲವಿದ್ದು ತೀರಿದ್ದರೆ 35. ಇದೆಲ್ಲ ಕಾಗದದ ಮಾತು, ಹೇಗೋ ಆಗುತ್ತದೆ. ಕಿಸೆಗೆ ತಾಗುವುದು ಆಜೀವ ತೆರಿಗೆ. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಹೊಸ ಕಾರಿಗೆ ಅದು ಶೇಕಡಾ 18, ಸೆಸ್ ಬೇರೆ. 60 ಲಕ್ಷಕ್ಕೆ 10 ಲಕ್ಷ 80 ಸಾವಿರ. ಹಳೆಯ ಗಾಡಿಗೆ ವಯಸ್ಸಿಗೆ ತಕ್ಕಂತೆ ಕಡಿಮೆ ಮಾಡುತ್ತಾರೆ ನಿಜ. ಆದರೆ ಆ ಇಳಿಕೆ ಶುರುವಾಗುವುದು ಹೊಸ ಗಾಡಿಯ ತೆರಿಗೆಯಿಂದ, ನಾವು ಕೊಟ್ಟ 15 ಲಕ್ಷದಿಂದಲ್ಲ. ಹುಡುಗ ಈ ಲೆಕ್ಕ ಹಾಕಿರಲೇ ಇಲ್ಲ.

ಕಾಗದದ ವಿಷಯದಲ್ಲಿ ನಾನು ಕಟ್ಟುನಿಟ್ಟಾಗಲು ಕಾರಣವಿದೆ. ಹರೆಯದಲ್ಲಿ ನನ್ನ ಬಳಿಯೂ ಒಂದು ಸ್ಪೋರ್ಟ್ಸ್ ಗಾಡಿಯಿತ್ತು, ಮೈಸೂರಿನ ಕಾರ್ಖಾನೆಯಲ್ಲಿ ತಯಾರಾದ ಯೆಜ್ಡಿ ರೋಡ್‌ಕಿಂಗ್ ಮೋಟಾರ್‌ಸೈಕಲ್ಲು. ನಿಪ್ಪಾಣಿಯ ತಂಬಾಕು ಪೇಟೆಯಲ್ಲಿ ಅದರ ಎರಡು ಸೈಲೆನ್ಸರುಗಳ ಸದ್ದು ಕೇಳಿದರೆ ಹಮಾಲರು ತಲೆಯೆತ್ತಿ ನೋಡುತ್ತಿದ್ದರು. ಮದುವೆಯಾದ ಮೇಲೆ ಅದನ್ನು ಪರಿಚಯದವರೊಬ್ಬರಿಗೆ ಮಾರಿದೆ. ಛಾಪಾ ಕಾಗದದ ಮೇಲೆ ಎರಡು ಸಾಲು ಬರೆದು, ಚಹಾ ಕುಡಿದು, ಕೀಲಿಕೈ ಕೊಟ್ಟು ಕಳಿಸಿದೆ. ಹೆಸರು ಬದಲಿಸಿಕೊಳ್ಳುತ್ತೇನೆ ಎಂದಿದ್ದರು, ಬದಲಿಸಿಕೊಳ್ಳಲಿಲ್ಲ. ಎರಡು ವರ್ಷದ ಮೇಲೆ ನ್ಯಾಯಾಲಯದ ನೋಟೀಸು ಬಂತು. ಗಾಡಿ ಯಾರಿಗೋ ಬಡಿದಿತ್ತು, ಪುಸ್ತಕದಲ್ಲಿ ಹೆಸರು ನನ್ನದಿತ್ತು. ಮೂರು ವರ್ಷ ತಾರೀಖಿಗೆ ಅಲೆದೆ. ಆ ಕಾಲದಲ್ಲಿ ಇದು ನನ್ನ ಹಣೆಬರಹ ಎಂದುಕೊಂಡಿದ್ದೆ, ಹಣೆಬರಹವಲ್ಲ, ಕಾನೂನೇ ಹಾಗಿದೆ. ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಗಾಡಿ ಎಷ್ಟು ಕೈ ಬದಲಾಗಿದ್ದರೂ ಪರಿಹಾರದ ಹೊಣೆ ಅವರದೇ ಎಂದು ಸುಪ್ರೀಂ ಕೋರ್ಟು 2018ರಲ್ಲಿ ಸ್ಪಷ್ಟವಾಗಿ ಹೇಳಿತು. ವಿಮೆಯನ್ನೂ ಕೊಂಡವರು 14 ದಿನದೊಳಗೆ ತಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಬೇಕು. ಹಿಂದಿನ ಮಾಲೀಕ ಅಪಘಾತವಿಲ್ಲದೆ ಓಡಿಸಿ ಗಳಿಸಿದ ರಿಯಾಯಿತಿ ಅವನ ಜೊತೆಗೇ ಹೋಗುತ್ತದೆ, ಗಾಡಿಯ ಜೊತೆ ಬರುವುದಿಲ್ಲ.

ಇಷ್ಟೆಲ್ಲ ಹೇಳಿದರೂ ಹುಡುಗನ ಮುಖದ ಬೆಳಕು ಆರಲಿಲ್ಲ. ಅವನಲ್ಲಿ ಕೊನೆಯ ಅಸ್ತ್ರವೊಂದಿತ್ತು. "ವಾರಂಟಿ ಕೊಡತಾರ ಕಾಕಾ. ಒಂದ ವರ್ಷದ್ದು. ಬರದ ಕೊಡತಾರ."

ವಾರಂಟಿ! ಈ ಶಬ್ದ ಕೇಳಿದರೆ ನಮ್ಮ ಮಂದಿಗೆ ದೇವರ ಪ್ರಸಾದ ಸಿಕ್ಕಷ್ಟು ಸಮಾಧಾನ. ಗಾಡಿ ತಯಾರಿಸಿದ ಕಂಪನಿಯ ವಾರಂಟಿ ಬೇರೆ, ಹಳೆ ಗಾಡಿ ಮಾರುವವನ ವಾರಂಟಿ ಬೇರೆ. ಕಂಪನಿಯದು ವರ್ಷ ಮತ್ತು ಕಿಲೋಮೀಟರು, ಇವೆರಡರಲ್ಲಿ ಯಾವುದು ಮೊದಲು ಮುಗಿಯುತ್ತದೋ ಅಲ್ಲಿಗೆ ಮುಗಿಯಿತು. ಉಳಿದಿದ್ದರೆ ಸಾಮಾನ್ಯವಾಗಿ ಎರಡನೆಯ ಮಾಲೀಕನಿಗೂ ಬರುತ್ತದೆ, ಆದರೆ ಸರ್ವಿಸ್ ಎಲ್ಲ ಹೊತ್ತಿಗೆ ಸರಿಯಾಗಿ ಆಗಿರಬೇಕು. ಸದ್ದು ಹೆಚ್ಚಲಿ ಎಂದು ಸೈಲೆನ್ಸರು ಬದಲಿಸಿದ್ದರೆ, ಓಟ ಹೆಚ್ಚಲಿ ಎಂದು ಎಂಜಿನ್ನಿನ ಕಂಪ್ಯೂಟರನ್ನು ತಿದ್ದಿದ್ದರೆ ಅಲ್ಲಿಗೇ ತಕರಾರು ಶುರು. ಸ್ಪೋರ್ಟ್ಸ್ ಕಾರು ಕೊಂಡ ಹುಡುಗರು ಮೊದಲು ಮಾಡುವುದೇ ಈ ಎರಡು ಕೆಲಸ! ಮಾರುವವನ ವಾರಂಟಿಯಂತೂ ಹೆಚ್ಚಾಗಿ ಎಂಜಿನ್ನು ಮತ್ತು ಗೇರುಪೆಟ್ಟಿಗೆಗೆ ಸೀಮಿತ. ಕ್ಲಚ್ಚು, ಬ್ರೇಕು, ಟೈರು, ಬ್ಯಾಟರಿ ಸವೆಯುವ ವಸ್ತುಗಳು, ಆದ್ದರಿಂದ ಹೊರಗೆ.

1930ರ ಸರಕು ಮಾರಾಟ ಕಾಯ್ದೆಯಲ್ಲಿ ಒಂದು ಸೂಕ್ಷ್ಮವಿದೆ. ಮಾರಾಟದಲ್ಲಿ ಷರತ್ತು ಬೇರೆ, ವಾರಂಟಿ ಬೇರೆ. ಷರತ್ತು ಮುರಿದರೆ ಸರಕನ್ನೇ ತಿರುಗಿಸಬಹುದು. ವಾರಂಟಿ ಮುರಿದರೆ ನಷ್ಟ ಕೇಳಬಹುದು, ಸರಕು ನಿಮ್ಮ ಅಂಗಳದಲ್ಲೇ ಉಳಿಯುತ್ತದೆ. ಕೆಲವು ಅಪವಾದಗಳನ್ನು ಬಿಟ್ಟರೆ ಸರಕಿನ ಗುಣಕ್ಕೆ ಕಾನೂನು ತಾನಾಗಿ ಜಾಮೀನು ನಿಲ್ಲುವುದಿಲ್ಲ. ಕಣ್ಣು ತೆರೆದಿರಬೇಕಾದವನು ಕೊಳ್ಳುವವನೇ. ಚಿಂಚಲಿಯ ಪೇಟೆಯಲ್ಲಿ ಟವೆಲ್ಲಿನ ಕೆಳಗೆ ಬೆರಳು ಹಿಡಿದು ಬೆಲೆ ಮಾತಾಡುವ ಮೊದಲು ಅಪ್ಪ ಎತ್ತನ್ನು ನೊಗಕ್ಕೆ ಹೂಡಿಸಿ ಎರಡು ಸುತ್ತು ನಡೆಸುತ್ತಿದ್ದ. ಅವನಿಗೆ ಕಾಯ್ದೆ ಗೊತ್ತಿರಲಿಲ್ಲ, ಅದರ ತಾತ್ಪರ್ಯ ಗೊತ್ತಿತ್ತು.

ಅಂತೂ ಒಂದು ರವಿವಾರ ಇಬ್ಬರೂ ಹೊರಟೆವು.

ಕಾರು ಚೆಲುವಾಗಿತ್ತು. ಸುಳ್ಳೇಕೆ ಹೇಳಲಿ, ನನಗೂ ಒಂದು ಕ್ಷಣ ಯೆಜ್ಡಿಯ ದಿನಗಳು ನೆನಪಾದವು. ಕೆಂಪು ಬಣ್ಣ, ನೆಲಕ್ಕೆ ಹತ್ತಿದ ಹೊಟ್ಟೆ. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರಿನ ಟ್ರ್ಯಾಕ್ಟರುಗಳು ಓಡಾಡಿ ಎಬ್ಬಿಸಿದ ನಮ್ಮ ರಸ್ತೆಗಳ ಮೇಲೆ, ಊರಿಗೆ ನಾಲ್ಕು ಹಂಪುಗಳ ಮೇಲೆ ಈ ಹೊಟ್ಟೆಯ ಗತಿ ಏನು ಎಂದು ಯೋಚಿಸಿದೆ, ಬಾಯಿ ಬಿಡಲಿಲ್ಲ. ಪೆಟ್ರೋಲಿನ ವಿಚಾರವೂ ಬಂತು. ನಮ್ಮ ಭಾಗದ ಸಕ್ಕರೆ ಕಾರ್ಖಾನೆಗಳು ಈಗ ಎಥನಾಲ್ ತಯಾರಿಸುತ್ತವೆ, ಅದು ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಬೆರೆಯುತ್ತದೆ. ಹಳೆಯ ಗಾಡಿಗಳಲ್ಲಿ ಕೆಲವು ರಬ್ಬರಿನ ಭಾಗಗಳನ್ನು ಬೇಗ ಬದಲಿಸಬೇಕಾಗಬಹುದು ಎಂದು 2025ರಲ್ಲಿ ಕೇಂದ್ರ ಸರ್ಕಾರವೇ ವಿವರಣೆ ಕೊಟ್ಟಿತು. ನಾವು ಬೆಳೆದ ಕಬ್ಬೇ ನಮ್ಮ ಕಾರಿನ ಕೊಳವೆಯನ್ನು ತಿನ್ನುವ ಚೋದ್ಯ!

ಮಾರುವವರು ಗಡಿಯ ಮನುಷ್ಯ, ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ಸೊಗಸಾಗಿ ಮಾತಾಡಿದರು. "ಕಾಕಾ, ಬರೇ 31 ಸಾವಿರ ಓಡೈತ್ರಿ. ಡಾಕ್ಟರರ ಗಾಡಿ. ರವಿವಾರಕ್ಕೊಮ್ಮೆ ತಗೀತಿದ್ರು."

ಕಿಲೋಮೀಟರಿನ ಮುಳ್ಳನ್ನು ಹಿಂದೆ ತಿರುಗಿಸಬಹುದು, ಎತ್ತಿನ ಹಲ್ಲನ್ನು ತಿರುಗಿಸಲಾಗದು. ನಾನು ಹಲ್ಲು ಹುಡುಕತೊಡಗಿದೆ. ಕುಳಿತು ಸವೆಯುವ ಸೀಟಿನ ಅಂಚು, ತುಳಿದು ಸವೆಯುವ ಪೆಡಲಿನ ರಬ್ಬರು, ಸ್ಟೇರಿಂಗಿನ ಚರ್ಮ, ಎಲ್ಲವೂ ಕಡಿಮೆ ಓಡಿದ ಗಾಡಿಯವೇ. ಮನುಷ್ಯ ಸುಳ್ಳು ಹೇಳುತ್ತಿಲ್ಲ ಎನಿಸಿತು. ಸರ್ವಿಸ್ ದಾಖಲೆ ಕೇಳಿದೆ. ಮೊಬೈಲಿನಲ್ಲಿ ತೋರಿಸಿದರು. 2017, 2018, 2019ರ ಮೇ ತಿಂಗಳು. ಆಮೇಲೆ ನೇರ 2021.

2019ರ ಮೇ ತಿಂಗಳ ನಂತರದ ಖಾಲಿ ಜಾಗ ನೋಡಿ ನನ್ನೊಳಗೆ ಏನೋ ಅಲುಗಾಡಿತು. ಸೀಟಿನ ಪಕ್ಕದ ಬೆಲ್ಟನ್ನು ಹಿಡಿದು ಎಳೆದೆ. ಎಲ್ಲರೂ ಎದೆಯವರೆಗೆ ಎಳೆಯುತ್ತಾರೆ, ನಾನು ಪೂರ್ತಿ ಎಳೆದೆ, ಒಳಗಿನ ಸುರುಳಿ ಮುಗಿಯುವ ತನಕ. ಹೊರಗಿನ ಪಟ್ಟಿ ತೊಳೆದು ಸ್ವಚ್ಛವಾಗಿತ್ತು. ಕೊನೆಯ ಒಂದು ಗೇಣು ಕಂದು ಬಣ್ಣಕ್ಕೆ ತಿರುಗಿತ್ತು. ಬೆರಳಿನಿಂದ ಉಜ್ಜಿದೆ. ಪುಡಿ ಬಂತು. ನುಣ್ಣಗಿನ, ಮುಖಕ್ಕೆ ಹಚ್ಚುವ ಪೌಡರಿನಂಥ ಮಣ್ಣು.

ಆ ಮಣ್ಣಿನ ಗುರುತು ನನಗೆ ಯಾರೂ ಹೇಳಬೇಕಿರಲಿಲ್ಲ. ನಮ್ಮೂರು ಕೃಷ್ಣೆಯ ದಂಡೆಯ ಮೇಲಿದೆ. 2019ರ ಆಗಸ್ಟಿನಲ್ಲಿ ಹೊಳೆ ಬಂದಾಗ ಸಾಂಗಲಿ, ಕೊಲ್ಹಾಪುರ ಮುಳುಗಿದವು, ಹೆದ್ದಾರಿ ದಿನಗಟ್ಟಲೆ ಬಂದಾಗಿತ್ತು. ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ಹೊಳೆದಂಡೆಯ ಊರುಗಳ ಜನ ದನಕರು ಹೊಡೆದುಕೊಂಡು ಎತ್ತರದ ಸಾಲಿಗಳಲ್ಲಿ ಉಳಿದರು. ನೀರು ಇಳಿದ ಮೇಲೆ ನಾವು ಹಿಂದಿರುಗಿ ನೋಡಿದರೆ ತಮ್ಮನ ಮನೆಯ ಎರಡು ಗೋಡೆ ಇರಲಿಲ್ಲ. ನಿಂತ ಗೋಡೆ, ಮಂಚ, ದೇವರ ಜಗಲಿ, ಕಡೆಗೆ ಹುಡುಗನ ಶಾಲೆಯ ಫೋಟೋದ ಗಾಜಿನ ಹಿಂದೆ ಕೂಡ ಇದೇ ನುಣ್ಣಗಿನ ಮಣ್ಣು. ತಿಂಗಳುಗಟ್ಟಲೆ ತೊಳೆದರೂ ಹೋಗಿರಲಿಲ್ಲ.

ಮುಂದಿನದು ಸುಲಭವಾಯಿತು. ಸೀಟಿನ ಕೆಳಗಿನ ಬೋಲ್ಟುಗಳಿಗೆ ತುಕ್ಕು. ಡಿಕ್ಕಿಯ ಹಾಸು ಎತ್ತಿದರೆ ಮೂಲೆಯಲ್ಲಿ ಅದೇ ಕಂದು ಗೆರೆ. ಹೆಡ್‌ಲೈಟಿನ ಒಳಗೆ ಮಂಜು ಹಿಡಿದ ಹಾಗೆ ಮಸುಕು. ಗಾಡಿಯಲ್ಲಿ ಸಿಂಪಡಿಸಿದ ಅತ್ತರಿನ ಅಡಿಯಲ್ಲಿ ಹಸಿ ಗೋಣಿಚೀಲದ ವಾಸನೆ. ರಿಪೇರಿಯ ಖರ್ಚು ವಿಮೆಯ ಬೆಲೆಯ ಶೇಕಡಾ 75 ಮೀರಿದರೆ ವಿಮೆಯವರು ಗಾಡಿ ಪೂರ್ತಿ ಹೋಯಿತೆಂದೇ ಲೆಕ್ಕ ಮಾಡುತ್ತಾರೆ. ಹಾಗೆ ಹೋದ ಗಾಡಿಯನ್ನು ಗುಜರಿಯ ಲೆಕ್ಕದಲ್ಲಿ ಕೊಂಡು, ಒಣಗಿಸಿ, ಬಣ್ಣ ಬಳಿದು ಮತ್ತೆ ರಸ್ತೆಗೆ ತರುವವರು ಇದ್ದಾರೆ. ಇಂದಿನ ಕಾರು ಎಂದರೆ ತಂತಿಗಳ ಗಂಟು. ನೀರು ಕುಡಿದ ತಂತಿ ಒಂದು ದಿನ ಸುಮ್ಮನಿರುತ್ತದೆ, ಇನ್ನೊಂದು ದಿನ ತಟ್ಟನೆ ಕೈಕೊಡುತ್ತದೆ. ಗಾಳಿಚೀಲ ತೆರೆದುಕೊಳ್ಳಬೇಕಾದ ಗಳಿಗೆಯಲ್ಲೇ ತೆರೆಯದೆ ಹೋದರೆ? ಒಂದು ವರ್ಷದ ಆ ವಾರಂಟಿಯ ಕಾಗದ ಕೇಳಿ ಓದಿದೆ. ಎರಡನೆಯ ಪುಟದ ಸಣ್ಣ ಅಕ್ಷರದಲ್ಲಿ ನೀರಿನಿಂದಾದ ಹಾನಿ ಸೇರುವುದಿಲ್ಲ ಎಂದಿತ್ತು.

ಮಾರುವವರು ಗಾಡಿ ತಮ್ಮ ಕೈಗೆ ಬಂದದ್ದೇ ಹೋದ ವರ್ಷ, ತಮಗೂ ಗೊತ್ತಿರಲಿಲ್ಲ ಎಂದರು. ಇದ್ದರೂ ಇರಬಹುದು. ಒಂದೂವರೆ ಲಕ್ಷ ಇಳಿಸುತ್ತೇನೆ ಎಂದರು. ಹುಡುಗ ಉತ್ತರ ಕೊಡಲಿಲ್ಲ. ಬೆಲ್ಟಿನ ತುದಿಯನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದ.

ಮಿರಜ ದಾಟಿ, ಕಾಗವಾಡ ದಾಟಿ, ಉಗಾರದ ಕಬ್ಬಿನ ವಾಸನೆಯ ನಡುವೆ ಬರುವಾಗಲೂ ಅವನು ಮಾತಾಡಲಿಲ್ಲ. ಕುಡಚಿಯ ಸೇತುವೆಯ ಮೇಲೆ ಬೈಕು ನಿಧಾನ ಮಾಡಿದ. ಕೆಳಗೆ ಕೃಷ್ಣೆ ಏನೂ ಅರಿಯದವಳ ಹಾಗೆ ತೆಳ್ಳಗೆ ಹರಿಯುತ್ತಿದ್ದಳು.

"ಕಾಕಾ, ಅಪ್ಪನ ಮನಿ ಮ್ಯಾಲ ಇನ್ನೂ ಪತ್ರಾನ ಐತಿ" ಎಂದ.

ನಾನು ಹ್ಞೂಂ ಅಂದೆ, ಅಷ್ಟೆ. ಪರಿಹಾರದ ಹಣದಲ್ಲಿ ಗೋಡೆ ಎದ್ದಿದ್ದವು, ಸ್ಲ್ಯಾಬು ಆಗಿರಲಿಲ್ಲ. ತಮ್ಮ ಮಗನಿಗೆ ಎಂದೂ ಒಂದು ಮಾತು ಕೇಳಿದವನಲ್ಲ. ನಾನೂ ಈ ವಿಷಯ ಎತ್ತಬಾರದೆಂದೇ ಹಲ್ಲುಕಚ್ಚಿ ಲೆಕ್ಕದ ಮಾತು ಮಾತ್ರ ಆಡಿದ್ದೆ. ಅವನದು ಅವನ ದುಡಿಮೆ. ಎಂಟು ವರ್ಷ ದುಡಿದವನಿಗೆ ಒಂದು ಕೆಂಪು ಕಾರಿನ ಆಸೆ ಇರುವುದು ತಪ್ಪೇನಲ್ಲ. ಯೆಜ್ಡಿಯ ಮೇಲೆ ನಿಪ್ಪಾಣಿ ಸುತ್ತಿದವನು ಯಾವ ಬಾಯಲ್ಲಿ ಬುದ್ಧಿ ಹೇಳಲಿ?

ಮುಂದಿನ ಬೇಸಿಗೆಯಲ್ಲಿ ಮನೆಗೆ ಸ್ಲ್ಯಾಬು ಬಿತ್ತು, ಮಟ್ಟ ಎರಡು ಅಡಿ ಎತ್ತರಿಸಿ. ಉಳಿದ ಹಣಕ್ಕೆ ಒಂದಿಷ್ಟು ಸಾಲ ಸೇರಿಸಿ ಅವನು ಕಾರನ್ನೂ ಕೊಂಡ. ಹೊರಗಿನಿಂದ ನೋಡಿದರೆ ಎಲ್ಲರ ಮನೆಯ ಕಾರಿನ ಹಾಗೆಯೇ. ಆದರೆ ಎಂಜಿನ್ನು ಮಾತ್ರ ಚುರುಕಿನದು, ಕಾಲಿಟ್ಟರೆ ಎದೆ ಹಿಂದಕ್ಕೆ ಒತ್ತುತ್ತದೆ. ಕೆಎ-23ರದೇ ಪಾಸಿಂಗು, ಒಬ್ಬನೇ ಮಾಲೀಕ, ಸರ್ವಿಸ್ ಪೂರ್ತಿ, ಕಂಪನಿಯ ವಾರಂಟಿ ಇನ್ನೂ ಒಂದು ವರ್ಷ ಬಾಕಿ. ಮೊದಲ ಮಾಲೀಕ ಸವಕಳಿಯ ದೊಡ್ಡ ತುತ್ತನ್ನು ತಿಂದಾಗಿತ್ತು. ಕೀಲಿಕೈ ಕೈಗೆ ಬರುವ ಮೊದಲೇ ನಮೂನೆಗಳಿಗೆ ಸಹಿ ಆಗಬೇಕೆಂದು ನಾನು ಹಟ ಹಿಡಿದೆ, ಆಯಿತು. ಅವನು ಮಾಡಿದ ಮೊದಲ ಪರೀಕ್ಷೆ ಬೆಲ್ಟನ್ನು ಕೊನೆಯ ತನಕ ಎಳೆದದ್ದು.

ಕಾರು ಅಂಗಳಕ್ಕೆ ಬಂದ ದಿನ ತಮ್ಮ ಹೊಸ ಕಟ್ಟೆಯ ಮೇಲೆ ಕುಳಿತಿದ್ದ. ಎದ್ದು ಬಂದು ಸುತ್ತ ಒಮ್ಮೆ ನಡೆದ. ಬಾನೆಟ್ಟಿನ ಮೇಲೆ ಎತ್ತಿನ ಬೆನ್ನು ಸವರಿದ ಹಾಗೆ ಕೈಯಾಡಿಸಿದ. ಆಮೇಲೆ ಮಗನ ಮುಖ ನೋಡಿ ಕೇಳಿದ:

"ಎಷ್ಟ ಹಲ್ಲ ಐತೋ?"

"ಎರಡ ಹಲ್ಲ, ಅಪ್ಪಾ" ಎಂದ ಹುಡುಗ.